ಮಾಲೀಕರನ್ನು ಬಿಟ್ಟು ಮಕ್ಕಳನ್ನು ಕೇಳುವ ನಿಮ್ಮ ಪದ್ಧತಿಯ ಬಗ್ಗೆ ದೂರು

ಇಂದ,
ಬಿ ಬ್ಲಾಕ್, 304ನೇ ಮನೆಯ ಮಾಲೀಕರು

ಗೆ,
ವ್ಯವಸ್ಥಾಪಕ ನಿರ್ದೇಶಕರು,
ಹಿರಿಯರ ವಸತಿ ಸಮುಚ್ಚಯದ ನಿರ್ವಹಣಾ ಸಂಸ್ಥೆ, ಬೆಂಗಳೂರು

ದಿನಾಂಕ: 22 ಸೆಪ್ಟೆಂಬರ್ 2025

ವಿಷಯ: ಮಾಲೀಕರಿಗೆ ತಿಳಿಸದೆ ನಿರ್ವಹಣಾ ಶುಲ್ಕ ಏರಿಸಿರುವುದು, ಜನರೇಟರ್ ಲೆಕ್ಕ ಕೊಡದಿರುವುದು ಮತ್ತು ನಿವಾಸಿಗಳನ್ನು ಅಪ್ರಾಪ್ತರಂತೆ ನಡೆಸಿಕೊಳ್ಳುತ್ತಿರುವುದು.

ಮಾನ್ಯರೇ,

ಜೂನ್ ತಿಂಗಳಿಂದ ಈವರೆಗೆ ನಿಮ್ಮ ಕಚೇರಿಗೆ ಏಳು ಸಲ ಫೋನ್ ಮಾಡಿದ್ದೇನೆ, ಮೂರು ಇಮೇಲ್ ಕಳಿಸಿದ್ದೇನೆ. ಪ್ರತಿಸಲವೂ ಬಂದ ಉತ್ತರ ಒಂದೇ: "ಗಮನಕ್ಕೆ ತಂದಿದ್ದೇವೆ ಅಮ್ಮ." ಯಾರ ಗಮನಕ್ಕೆ ಎಂಬುದು ನನಗೆ ಮೊನ್ನೆ ಶುಕ್ರವಾರ ತಿಳಿಯಿತು. ಅಂದು ಬೆಳಗ್ಗೆ ಹಾಲಿನ ಪ್ಯಾಕೆಟ್ಟಿನ ಜೊತೆ ಬಾಗಿಲಡಿ ಸಿಕ್ಕ ಚೀಟಿಯಲ್ಲಿ, ಅಕ್ಟೋಬರ್‌ನಿಂದ ಮಾಸಿಕ ನಿರ್ವಹಣಾ ಶುಲ್ಕ 21,500 ರೂಪಾಯಿಯಿಂದ 25,370 ರೂಪಾಯಿಗೆ ಏರುವುದೆಂದೂ, ಇದಕ್ಕೆ "ತಮ್ಮ ಕುಟುಂಬದವರ ಒಪ್ಪಿಗೆ ಪಡೆಯಲಾಗಿದೆ" ಎಂದೂ ಅಚ್ಚಾಗಿತ್ತು. ವಿಚಾರಿಸಿದಾಗ, ಸೆಪ್ಟೆಂಬರ್ 14ರ ಭಾನುವಾರ ಸಂಜೆ 7 ಗಂಟೆಗೆ ನೀವು ನಮ್ಮ ಮಕ್ಕಳೊಂದಿಗೆ ಜೂಮ್‌ನಲ್ಲಿ ಸಭೆ ನಡೆಸಿದ್ದು ಗೊತ್ತಾಯಿತು. ಅದೇ ಹೊತ್ತಿಗೆ ಶುಲ್ಕ ಕಟ್ಟುವ ನಾವೆಲ್ಲ ಕೆಳಗಿನ ಸಭಾಂಗಣದಲ್ಲಿ, ನೀವೇ ಏರ್ಪಡಿಸಿದ್ದ ತಂಬೋಲಾ ಆಡುತ್ತಿದ್ದೆವು. ನನಗೆ ಅಂದು ಒಂದು ಸ್ಟೀಲ್ ಡಬ್ಬಿ ಬಹುಮಾನ ಬಂತು. ವರ್ಷಕ್ಕೆ 46,440 ರೂಪಾಯಿ ಹೆಚ್ಚುವರಿ ಕಟ್ಟುವವಳಿಗೆ ಅದು ಸಾಕೆಂದು ನೀವು ಭಾವಿಸಿದ್ದರೆ ನನ್ನ ತಕರಾರಿದೆ.

ಈ ಪದ್ಧತಿ ಹೇಗೆ ಬೆಳೆಯಿತೆಂಬುದನ್ನು ತೋರಿಸಲು ಜೂನ್ 17ರ ಪ್ರಸಂಗವನ್ನು ವಿವರವಾಗಿಯೇ ಹೇಳಬೇಕಾಗಿದೆ.

ನಾನು 1974ರಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿಗೆ ಎಂಜಿನಿಯರ್ ಆಗಿ ಸೇರಿ, 2011ರಲ್ಲಿ ಬೆಸ್ಕಾಂನಿಂದ ನಿವೃತ್ತಳಾದವಳು. (ಸೇರಿದ ದಿನ ಆ ಕಚೇರಿಯಲ್ಲಿ ಹೆಂಗಸರಿಗೆ ಶೌಚಾಲಯವೇ ಇರಲಿಲ್ಲ, ಹಾಗಾಗಿ ಲೆಕ್ಕಕ್ಕಿಲ್ಲದವಳಂತೆ ನಡೆಸಿಕೊಳ್ಳುವುದು ನನಗೆ ಹೊಸತಲ್ಲ.) ಕರೆಂಟು ಹೋದ ಹೊತ್ತು, ಬಂದ ಹೊತ್ತು ಬರೆದಿಡುವುದು ನನಗೆ ಅಂಟಿಕೊಂಡ ಚಾಳಿ. ಮೇ ತಿಂಗಳಲ್ಲಿ ನನ್ನ ಪುಸ್ತಕದ ಪ್ರಕಾರ ಒಟ್ಟು 11 ಗಂಟೆ 20 ನಿಮಿಷ ಕರೆಂಟು ಇರಲಿಲ್ಲ. ನಿಮ್ಮ ಬಿಲ್ಲಿನಲ್ಲಿ ಜನರೇಟರ್ 31 ಗಂಟೆ ಓಡಿತ್ತು. ಉಳಿದ ಹೊತ್ತು ಅದು ಯಾರ ಸೇವೆಯಲ್ಲಿ ಓಡಿತೆಂದು ಕೇಳಲು, ಡೀಸೆಲ್ ಖರೀದಿಯ ರಸೀದಿ ಮತ್ತು ಲಾಗ್ ಪುಸ್ತಕ ನೋಡಲು ಬೆಳಗ್ಗೆ 11ಕ್ಕೆ ನಿಮ್ಮ ಕಚೇರಿಗೆ ಹೋದೆ. ಒಂದು ಲೀಟರ್ ಡೀಸೆಲ್‌ಗೆ ಸರಿಯಾದ ಹೊರೆಯಿರುವ ಜನರೇಟರ್ ಸುಮಾರು ಮೂರರಿಂದ ಮೂರೂವರೆ ಯೂನಿಟ್ ವಿದ್ಯುತ್ ಕೊಡುತ್ತದೆ. ರಸೀದಿ ಕೈಗೆ ಬಂದರೆ ಐದು ನಿಮಿಷದ ಲೆಕ್ಕ.

ನಿಮ್ಮ ಸೌಲಭ್ಯ ವ್ಯವಸ್ಥಾಪಕರು ಎದ್ದು ನಿಂತು, ನನ್ನ ಕಿವಿಯ ಬಳಿ ಬಾಗಿ, ಜಾತ್ರೆಯಲ್ಲಿ ಕಳೆದುಹೋದ ಮಗುವನ್ನು ವಿಚಾರಿಸುವ ಧ್ವನಿಯಲ್ಲಿ, "ತಿಂಡಿ ಆಯ್ತಾ ಅಮ್ಮ?" ಎಂದು ಕೂಗಿದರು. ನನ್ನ ಕಿವಿ ಚೆನ್ನಾಗಿದೆ. ಆಯಿತು ಎಂದೆ. "ಮಾತ್ರೆ ತಗೊಂಡ್ರಾ?" ಎಂದರು. ನಾನು ಬಿಲ್ಲನ್ನು ಮೇಜಿನ ಮೇಲಿಟ್ಟು ಪ್ರಶ್ನೆಯನ್ನು ಪುನಃ ಹೇಳಿದೆ. ಅವರು ಬಿಲ್ಲನ್ನು ನೋಡಲಿಲ್ಲ. ಅಲ್ಲಿ ಕುಳಿತಿದ್ದ ಇಬ್ಬರು ಹೊಸ ಗಿರಾಕಿಗಳ ಕಡೆ ನೋಡಿ ನಕ್ಕು, "ಇದೆಲ್ಲ ಟೆಕ್ನಿಕಲ್ ಅಮ್ಮ, ನಿಮಗೆ ಯಾಕೆ ತಲೆನೋವು, ನಾವು ಸರ್ ಹತ್ರ ಮಾತಾಡ್ತೀವಿ" ಎಂದರು. ಯಾವ ಸರ್ ಎಂದು ಕೇಳುವಷ್ಟರಲ್ಲಿ ಅವರು ನ್ಯೂಜೆರ್ಸಿಯಲ್ಲಿರುವ ನನ್ನ ಮಗನಿಗೆ ಕರೆ ಮಾಡಿ ಸ್ಪೀಕರ್ ಹಾಕಿಬಿಟ್ಟಿದ್ದರು. ಗೋಡೆಯ ಗಡಿಯಾರದಲ್ಲಿ 11.10, ಅಂದರೆ ಅಲ್ಲಿ ನಡುರಾತ್ರಿ ಕಳೆದು 1.40. ಈ ಸಮುಚ್ಚಯದ ಹೆಸರು ಆ ಹೊತ್ತಿನಲ್ಲಿ ಫೋನಿನ ಮೇಲೆ ಕಂಡರೆ ಮಗನಾದವನು ಏನೆಂದುಕೊಳ್ಳುತ್ತಾನೋ ಅವನೂ ಅದನ್ನೇ ಅಂದುಕೊಂಡ. "ಅಮ್ಮ ಇದ್ದಾರಾ?" ಎಂದು ಅವನು ಕೇಳಿದ ಧ್ವನಿ ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಅದಕ್ಕೆ ನಿಮ್ಮ ವ್ಯವಸ್ಥಾಪಕರು, "ಏನಿಲ್ಲ ಸರ್, ಅಮ್ಮ ಸ್ವಲ್ಪ ಹಟ ಮಾಡ್ತಿದಾರೆ, ನೀವೇ ಒಂದು ಮಾತು ಹೇಳಿ" ಎಂದರು. ಹೊಸ ಗಿರಾಕಿಗಳಲ್ಲಿ ಒಬ್ಬರು ತಲೆ ತಗ್ಗಿಸಿದರು. ನಾನು ಬಿಲ್ಲನ್ನು ಮಡಚಿಕೊಂಡು ಹೊರಗೆ ಬಂದೆ. ಲಾಗ್ ಪುಸ್ತಕ ಇಂದಿನವರೆಗೂ ತೋರಿಸಿಲ್ಲ.

ನಡುರಾತ್ರಿಯ ಆ ಕರೆ ಎರಡು ದೇಶಗಳ ವೇಳೆಯ ವ್ಯತ್ಯಾಸ ತಿಳಿಯದೆ ಆದದ್ದೆಂದು ನಾನು ಮೂರು ತಿಂಗಳು ಕ್ಷಮಿಸಿದ್ದೆ. ಆದರೆ ಶುಲ್ಕ ಏರಿಸುವ ಸಭೆಯನ್ನು ನೀವು ಇಟ್ಟುಕೊಂಡ ಸಂಜೆ 7 ಗಂಟೆ ಅಮೆರಿಕದ ಪೂರ್ವ ಕರಾವಳಿಯಲ್ಲಿ ಭಾನುವಾರದ ಬೆಳಗ್ಗೆ 9.30. ಬೇಕಾದಾಗ ನಿಮಗೆ ಗಡಿಯಾರ ನೋಡಲು ಬರುತ್ತದೆ.

ಕಾನೂನಿನ ಮಾತನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ, ನಿಮ್ಮಲ್ಲಿ ಅದಕ್ಕೊಂದು ವಿಭಾಗವೇ ಇದೆ. ಆದರೂ ನಿಮ್ಮ ವ್ಯವಸ್ಥಾಪಕರು ಆಗಸ್ಟ್‌ನಲ್ಲಿ ಫೋನಿನಲ್ಲಿ, "2007ರ ಹಿರಿಯ ನಾಗರಿಕರ ಕಾಯ್ದೆ ಪ್ರಕಾರ ಮಕ್ಕಳೇ ಜವಾಬ್ದಾರರು" ಎಂದದ್ದರಿಂದ ಉತ್ತರಿಸುತ್ತಿದ್ದೇನೆ. ಆ ಕಾಯ್ದೆ ಮಕ್ಕಳಿಂದ ಪೋಷಣೆ ಕೇಳುವ ಹಕ್ಕನ್ನು ಕೊಟ್ಟಿರುವುದು, ತನ್ನ ಸಂಪಾದನೆಯಿಂದಾಗಲಿ ಆಸ್ತಿಯಿಂದಾಗಲಿ ತನ್ನನ್ನು ನೋಡಿಕೊಳ್ಳಲಾಗದ ಹಿರಿಯರಿಗೆ. ಅದು ಹಿರಿಯರ ಹಕ್ಕೇ ಹೊರತು ಹಿರಿಯರ ಪರವಾಗಿ ಸಹಿ ಹಾಕಲು ಮಕ್ಕಳಿಗೆ ಕೊಟ್ಟ ಅಧಿಕಾರವಲ್ಲ. ನಾನು ನನ್ನ ಪಿಂಚಣಿಯಿಂದ ನಿಮ್ಮ ಶುಲ್ಕ ಕಟ್ಟುತ್ತಿದ್ದೇನೆ. 1872ರ ಕರಾರು ಅಧಿನಿಯಮ ಕರಾರಿನ ಅರ್ಹತೆಗೆ ವಯಸ್ಸಿನ ಕೆಳಮಿತಿಯನ್ನು ಹೇಳುತ್ತದೆ; ಮೇಲ್ಮಿತಿಯನ್ನು ಹೇಳುವುದಿಲ್ಲ. 2022ರಲ್ಲಿ ರಾಜಾಜಿನಗರದ ಮನೆ ಮಾರಿದ ಹಣವನ್ನು ನಿಮಗೆ ಕೊಟ್ಟು, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಹೆಬ್ಬೆರಳೊತ್ತಿ ಕ್ರಯಪತ್ರಕ್ಕೆ ಸಹಿ ಹಾಕಿದಾಗ ನನಗೆ 71 ವರ್ಷ. ಅಂದು ನಿಮ್ಮಲ್ಲಿ ಯಾರೂ "ಸರ್" ಎಲ್ಲಿ ಎಂದು ಕೇಳಲಿಲ್ಲ, ತಿಂಡಿಯಾಯಿತೇ ಎಂದೂ ಕೇಳಲಿಲ್ಲ. ದುಡ್ಡು ಪಡೆಯುವ ದಿನ ಪ್ರಾಪ್ತಳಾಗಿದ್ದವಳು ಲೆಕ್ಕ ಕೇಳುವ ದಿನ ಅಪ್ರಾಪ್ತಳಾದದ್ದು ಹೇಗೆಂದು ನೀವು ಲಿಖಿತವಾಗಿ ತಿಳಿಸಬೇಕು.

ಸೇರುವಾಗ ನಾನು ತುಂಬಿದ ಅರ್ಜಿಯಲ್ಲಿ ಮಗನ ಹೆಸರು ಇದ್ದದ್ದು "ತುರ್ತು ಸಂಪರ್ಕ" ಎಂಬ ಅಂಕಣದಲ್ಲಿ. ನಿಮ್ಮ ಹೊಸ ಆಪ್‌ನಲ್ಲಿ ಅದೇ ಹೆಸರು "ಪಾಲಕರು" ಎಂಬ ಅಂಕಣಕ್ಕೆ ಬಡ್ತಿ ಪಡೆದಿದೆ. ಆ ಹುಡುಗನ ಪ್ರಗತಿ ಪತ್ರಕ್ಕೆ ಪಾಲಕರ ಸಹಿ ಹಾಕಿದವಳು ನಾನು. ನಮ್ಮ ಮಹಡಿಯ 81 ವರ್ಷದ ಹಿರಿಯರೊಬ್ಬರಿಗೆ ಮಕ್ಕಳಿಲ್ಲ. ಅವರ ಪಾಲಕನೆಂದು ನೀವು ಸಭೆಗೆ ಕರೆದದ್ದು ಹುಬ್ಬಳ್ಳಿಯಲ್ಲಿರುವ, ಅವರು ಆರು ವರ್ಷದಿಂದ ನೋಡಿಯೇ ಇಲ್ಲದ ತಂಗಿಯ ಮಗನನ್ನು. ಅವನೂ ಶುಲ್ಕ ಏರಿಕೆಗೆ ಧಾರಾಳವಾಗಿ ಒಪ್ಪಿದನಂತೆ.

ನೆನಪು ಮಾಸಿದವರಿಗೆ ಕಾವಲು ಬೇಕು, ಅವರ ಮನೆಯವರೊಂದಿಗೆ ನೀವು ಮಾತಾಡಲೇಬೇಕು; ಅದನ್ನು ನಾನು ವಿರೋಧಿಸುತ್ತಿಲ್ಲ. ಎ ಬ್ಲಾಕಿನ ನೆಲಮಹಡಿಯ ದಾದಿಯರು ಆ ಕೆಲಸವನ್ನು ಅಕ್ಕರೆಯಿಂದ ಮಾಡುತ್ತಾರೆ, ಮತ್ತು ಅವರಲ್ಲಿ ಒಬ್ಬರೂ ನನ್ನ ಕಿವಿಯಲ್ಲಿ ಕೂಗಿಲ್ಲ. ಅಲ್ಲಿಯ ನಿಯಮವನ್ನು ಇಡೀ ಸಮುಚ್ಚಯಕ್ಕೆ ಹೊದಿಸಿ, ಸಂಜೆ 7ರ ನಂತರ ಗೇಟು ದಾಟಲು "ಪಾಲಕರ" ವಾಟ್ಸಾಪ್ ಒಪ್ಪಿಗೆ ಬೇಕೆಂದು ಹೇಳುವುದಕ್ಕೆ ನನ್ನ ವಿರೋಧ. ನಿಮ್ಮ ಕರಪತ್ರದ ಮುಖಪುಟದಲ್ಲಿ ನರೆಗೂದಲ ದಂಪತಿ ಸೈಕಲ್ ಹೊಡೆಯುತ್ತಿದ್ದಾರೆ, ಕೆಳಗೆ "ಸ್ವಾವಲಂಬಿ ಬದುಕು" ಎಂದಿದೆ. ಅವರು 7ಕ್ಕೆ ಮುಂಚೆ ಮನೆ ಸೇರಿಕೊಂಡರೆಂದು ನಂಬುತ್ತೇನೆ.

ನನ್ನ ಬೇಡಿಕೆಗಳು ದೊಡ್ಡವಲ್ಲ. ಶುಲ್ಕ ಏರಿಕೆಯನ್ನು ತಡೆಹಿಡಿದು ಮಾಲೀಕರ ಸಭೆ ಕರೆಯಿರಿ. ಏಪ್ರಿಲ್‌ನಿಂದ ಈಚಿನ ಡೀಸೆಲ್ ರಸೀದಿ ಮತ್ತು ಲಾಗ್ ಪುಸ್ತಕವನ್ನು ತೋರಿಸಿ. ಗೇಟಿನ ನಿಯಮವನ್ನೂ ಆಪ್‌ನಲ್ಲಿರುವ ಆ ಪದವನ್ನೂ ತೆಗೆಯಿರಿ. ಮಾಲೀಕರ ಸಂಘ ರಚನೆಯಾಗಲು ಅನುವು ಮಾಡಿಕೊಡುವುದು 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 11ನೇ ಕಲಂ ಪ್ರಕಾರ ನಿರ್ಮಾಣಗಾರರ ಕರ್ತವ್ಯ. ಇಲ್ಲಿ ನಿರ್ಮಾಣಗಾರರೂ ನೀವೇ, ಮೂರು ವರ್ಷದಿಂದ "ಹಿರಿಯರಿಗೆ ಓಡಾಟದ ತೊಂದರೆ ಬೇಡ" ಎಂದು ಅದನ್ನು ಮುಂದೂಡಿದವರೂ ನೀವೇ. ನಾವು ಓಡಾಡುತ್ತೇವೆ.

ಸೆಪ್ಟೆಂಬರ್ 30ರೊಳಗೆ ಉತ್ತರ ಬಾರದಿದ್ದರೆ ರೇರಾ ಪ್ರಾಧಿಕಾರಕ್ಕೂ ಜಿಲ್ಲಾ ಗ್ರಾಹಕ ಆಯೋಗಕ್ಕೂ ದೂರು ಹೋಗುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಸ್ವತಃ ವಾದಿಸಲೂಬಹುದು. ನನಗೆ ಬಿಡುವು ಧಾರಾಳವಾಗಿದೆ, ಭಾನುವಾರದ ತಂಬೋಲಾ ಬಿಟ್ಟಿದ್ದೇನೆ. ಹಿರಿಯರ ಸಹಾಯವಾಣಿ 14567 ಎಂಬ ಫಲಕವನ್ನು ಲಿಫ್ಟಿನ ಪಕ್ಕ ಅಂಟಿಸಿರುವುದಕ್ಕೆ ನಿಮಗೆ ಧನ್ಯವಾದ. ನಿನ್ನೆಯವರೆಗೆ 41 ಮಾಲೀಕರು ಈ ಪತ್ರದ ಪ್ರತಿಗೆ ಸಹಿ ಹಾಕಿದ್ದಾರೆ.

ಇನ್ನೊಂದು ವಿಷಯ. ಅಕ್ಟೋಬರ್ 1ರ ಅಂತಾರಾಷ್ಟ್ರೀಯ ಹಿರಿಯರ ದಿನದಂದು ನಮಗೆ ಶಾಲು ಹೊದಿಸುವ ಕಾರ್ಯಕ್ರಮಕ್ಕೆ ಮಕ್ಕಳನ್ನೆಲ್ಲ ಜೂಮ್‌ನಲ್ಲಿ ಕರೆದಿದ್ದೀರಿ. ಹೊಸ ಗಿರಾಕಿಗಳೂ ಬರುತ್ತಾರಂತೆ. ಆಹ್ವಾನ ಪತ್ರಿಕೆಯಲ್ಲಿ ನಿವಾಸಿಗಳ ಪರವಾಗಿ "ಎರಡು ಸಿಹಿ ಮಾತು" ಆಡಲು ನನ್ನ ಹೆಸರನ್ನು ಹಾಕಿದ್ದೀರಿ. ಉತ್ತರ ಬಾರದಿದ್ದರೆ ನಾನು ಅಂದು ಈ ಪತ್ರವನ್ನೇ ಓದುತ್ತೇನೆ. ಗಡಿಯಾರ ಇಟ್ಟು ನೋಡಿದ್ದೇನೆ, ಪೂರ್ತಿ ಓದಲು ಒಂಬತ್ತು ನಿಮಿಷ ಬೇಕು. ಮೈಕಿನ ಕರೆಂಟು ತೆಗೆಯುವ ಯೋಚನೆಯಿದ್ದರೆ, ಆ ಹೊತ್ತನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ.

ಇತಿ,
ಬಿ ಬ್ಲಾಕ್ 304ರ ಮಾಲೀಕರು
(ಪಾಲಕರ ಸಹಿ ಲಗತ್ತಿಸಿಲ್ಲ)