‘ಗೋಡ್’ ಎಂದು ಬರೆದ ಮಕ್ಕಳ ಬಗ್ಗೆ ಪೋಷಕರಿಗೆ

ಮಾನ್ಯ ಪೋಷಕರೇ,

ಅರ್ಧವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆ ಮನೆಗೆ ಬಂದ ಮೇಲೆ ನಿಮ್ಮಲ್ಲಿ ಹಲವರು ಕಚೇರಿಗೆ ಬಂದು ಕೇಳಿದ್ದು ಒಂದೇ ಮಾತು: “ಮೇಡಂ, ಒಂದನೇ ಕ್ಲಾಸಿನಲ್ಲಿ ‘ಐ ವೆಂಟ್’ ಅಂತಿದ್ದ ಮಗು ಈಗ ‘ಐ ಗೋಡ್ ಟು ಮೈಸೂರು’ ಅಂತ ಬರೆದಿದೆ. ಕಲಿತಿದ್ದೂ ಮರೆತುಹೋಯ್ತಾ?”

ಮರೆತಿಲ್ಲ. ಆಗ ಕೇಳಿದ್ದನ್ನು ಕೇಳಿದ ಹಾಗೆ ಒಪ್ಪಿಸುತ್ತಿತ್ತು. ಈಗ ‘ವಾಕ್ಡ್’, ‘ಪ್ಲೇಡ್’, ‘ಜಂಪ್ಡ್’ ನೋಡಿ ಭೂತಕಾಲಕ್ಕೆ ಕೊನೆಯಲ್ಲಿ ‘ಡ್’ ಸೇರಿಸುವ ಸೂತ್ರ ಹಿಡಿದಿದೆ, ಅದನ್ನೇ ‘ಗೋ’ಗೂ ಹಚ್ಚಿದೆ. ಅಮೆರಿಕದ ಭಾಷಾ ಸಂಶೋಧಕಿ ಜೀನ್ ಬರ್ಕೊ 1958ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳಿಗೆ ‘ಗ್ಲಿಂಗ್’ ಎಂಬ ಇಲ್ಲದ ಕ್ರಿಯಾಪದ ಕೊಟ್ಟು, ಚಿತ್ರದಲ್ಲಿದ್ದವನು ನಿನ್ನೆ ಏನು ಮಾಡಿದ ಎಂದು ಕೇಳಿದಾಗ ಹೆಚ್ಚಿನವರು ‘ಗ್ಲಿಂಗ್ಡ್’ ಎಂದರು. ಯಾರೂ ಹೇಳಿಕೊಟ್ಟಿರದ ಪದ ಅದು.

ನಿಜ ಹೇಳಬೇಕೆಂದರೆ ಎಡವಟ್ಟು ಇಂಗ್ಲಿಷಿನದೇ. ‘ವೆಂಟ್’ ಮೂಲದಲ್ಲಿ ‘ಗೋ’ದ ಭೂತಕಾಲವೇ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಗಾನ್’ ಎಂದರೆ ಹೋಗು. ಜರ್ಮನ್ನಿನ ‘ಗೇಯೆನ್’ ಇದರ ದಾಯಾದಿ. ಭೂತಕಾಲಕ್ಕೆ ಆಗಲೂ ‘ಏಓಡೆ’ ಎಂಬ ಬೇರೆಯೇ ಪದವಿತ್ತು. ‘ವೆಂಟ್’ ಸೇರಿದ್ದು ತಿರುಗು, ಸಾಗು ಎಂಬ ಅರ್ಥದ ‘ವೆಂಡ್’ ಕ್ರಿಯಾಪದಕ್ಕೆ. ಸೆಂಡ್–ಸೆಂಟ್, ಬೆಂಡ್–ಬೆಂಟ್ ಇದ್ದಂತೆ ವೆಂಡ್–ವೆಂಟ್. ಸುಮಾರು 15ನೇ ಶತಮಾನದ ಹೊತ್ತಿಗೆ ಅದು ‘ಗೋ’ ಮನೆಗೆ ಬಂದು ಅಲ್ಲೇ ಠಿಕಾಣಿ ಹೂಡಿತು, ಹಳೆಯ ಪದ ಬಳಕೆ ತಪ್ಪಿತು. ‘ಟೂ ಡೇಸ್ ಅಗೋ’ ಅನ್ನುವಾಗಿನ ‘ಅಗೋ’ ಕೂಡ ‘ಗೋ’ ಬಳಗದ್ದೇ, ಕಳೆದುಹೋದದ್ದು ಎಂದರ್ಥ. ಇಷ್ಟನ್ನು ನಾಲ್ಕನೇ ತರಗತಿಗೆ ಪಾಠ ಮಾಡುವುದಿಲ್ಲ, ಗಾಬರಿಯಾಗಬೇಡಿ.

ತಪ್ಪು ತಪ್ಪೇ, ಅರ್ಧ ಅಂಕ ಕಳೆದಿದ್ದೇವೆ, ಅದು ವಾಪಸ್ ಬರುವುದಿಲ್ಲ. ಆದರೆ ಒಬ್ಬ ಹುಡುಗನಿಗೆ ಮನೆಯಲ್ಲಿ ‘ವೆಂಟ್’ ಎಂದು ಎರಡು ಪುಟ ಬರೆಸಿದ್ದಾರೆ. ಮೂರನೇ ಸಾಲಿನಿಂದಲೇ ಅಕ್ಷರ ಸೊಟ್ಟಗಾಗಿದೆ. ಅದರ ಕೆಳಗೇ ಅವನ ಸ್ವಂತ ವಾಕ್ಯದಲ್ಲಿ ಮತ್ತೆ ‘ಗೋಡ್’! ದಯವಿಟ್ಟು ಹಾಗೆ ಮಾಡಬೇಡಿ. ಮಗು “ಐ ಗೋಡ್” ಅಂದರೆ, “ಓ, ಯು ವೆಂಟ್ ಟು ಮೈಸೂರು? ಯಾರ ಜೊತೆ?” ಎಂದು ಮಾತು ಮುಂದುವರಿಸಿ, ಸಾಕು. ಕನ್ನಡದಲ್ಲಿ ‘ಮಾಡು–ಮಾಡಿದೆ’ ದಾರಿ ಬಿಟ್ಟ ‘ಬರು–ಬಂದೆ’, ‘ಕೊಡು–ಕೊಟ್ಟೆ’ಗಳನ್ನು ನಮಗೆ ಯಾರೂ ಉರು ಹೊಡೆಸಲಿಲ್ಲ, ಕೇಳಿ ಕೇಳಿ ಬಂದವು. ಇಂಗ್ಲಿಷ್ ಬರುವುದಿಲ್ಲ ಎನ್ನುವ ಪೋಷಕರು ಆ ಚಿಂತೆ ನಮಗೆ ಬಿಟ್ಟು, ಕನ್ನಡದಲ್ಲೇ ಮಗುವಿನ ಕೈಲಿ ಕಥೆ ಹೇಳಿಸಿ.

ಉತ್ತರ ಪತ್ರಿಕೆಗೆ ಸಹಿ ಹಾಕಿ ಶನಿವಾರದ ಸಭೆಗೆ ತನ್ನಿ. ಇಂಗ್ಲಿಷ್ ಟೀಚರ್ ಕೂಡ ಇರುತ್ತಾರೆ.

ಇಂತಿ,
ಮುಖ್ಯ ಶಿಕ್ಷಕಿ