ಎಂಟೆಕ್ ಓದಲಿ, ಆದರೆ ಮೊದಲು ಒಂದು ಮಳೆಗಾಲ ಸೈಟ್‌ನಲ್ಲಿ ನಿಲ್ಲಲಿ

ಮಾನ್ಯ ಸಂಪಾದಕರೇ,

ಸಿವಿಲ್ ಮುಗಿಸಿದ ಮಕ್ಕಳು ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್‌ನಲ್ಲಿ ಎಂಟೆಕ್ ಮಾಡುವುದು ಸುಮ್ನೆ ಎರಡು ವರ್ಷ ದಂಡ ಅಂತ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರು ಬರೆದಿದ್ದರು. ಕೆಲಸ ಕಲಿಯಬೇಕಾದರೆ ಸೈಟ್‌ಗೆ ಹೋಗಿ, ಕ್ಲಾಸ್‌ನಲ್ಲಿ ಕೂತರೆ ಏನು ಬರುತ್ತದೆ ಅನ್ನುವುದು ಅವರ ವಾದ. ಅರ್ಧ ಒಪ್ಪುತ್ತೇನೆ. ಉಳಿದರ್ಧಕ್ಕೆ ಈ ಪತ್ರ. ನಾನು ಕೊಡಗಿನ ಸೋಮವಾರಪೇಟೆ ಕಡೆಯವನು. ಕೆಲವು ವರ್ಷ ಸೈಟ್ ಇಂಜಿನಿಯರ್ ಆಗಿದ್ದು ಆಮೇಲೆ ಇದೇ ವಿಷಯ ಓದಿದೆ, ಈಗ ಜಿಲ್ಲೆಯಲ್ಲೇ ಸಣ್ಣಪುಟ್ಟ ಕಾಮಗಾರಿ ನೋಡಿಕೊಳ್ಳುತ್ತೇನೆ.

ನಮ್ಮಲ್ಲಿ ರಸ್ತೆ, ಮೋರಿ, ತಡೆಗೋಡೆ ಯಾಕೆ ಕೆಡುತ್ತವೆ ಅಂತ ಯಾರನ್ನು ಕೇಳಿದರೂ ಕಳಪೆ ಕೆಲಸ, ಕಮಿಷನ್ ಅನ್ನುತ್ತಾರೆ. ಅದು ಇಲ್ಲ ಅಂತ ನಾನೂ ಹೇಳುವುದಿಲ್ಲ. ಆದರೆ ನಾನು ನೋಡಿದ ಮಟ್ಟಿಗೆ ಕೆಲಸ ಜಾಸ್ತಿ ಕೆಡುವುದು ತಾರೀಖಿನಿಂದ.

ಏಪ್ರಿಲ್‌ನಲ್ಲಿ ಆರ್ಥಿಕ ವರ್ಷ ಶುರು. ಅನುದಾನ ಬರಬೇಕು, ಎಸ್ಟಿಮೇಟ್ ಆಗಬೇಕು, ಮಂಜೂರಾತಿ, ಟೆಂಡರ್, ಅಗ್ರಿಮೆಂಟ್, ವರ್ಕ್ ಆರ್ಡರ್. ಇಷ್ಟೆಲ್ಲ ಆಗುವ ಹೊತ್ತಿಗೆ ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣ ಕಳೆದಿರುತ್ತದೆ. ಒಳ್ಳೆಯದಾಯಿತು, ಮಳೆಯೂ ನಿಂತಿತಲ್ಲ ಅನ್ನೋಣ ಅಂದರೆ ನಮ್ಮ ಸುಗ್ಗಿ ಹಬ್ಬ ಪುತ್ತರಿ ಮುಗಿಯುತ್ತಿದ್ದಂತೆ ಕಾಫಿ ಕೊಯ್ಲು. ಡಿಸೆಂಬರ್‌ನಿಂದ ಫೆಬ್ರವರಿ ತನಕ, ರೋಬಸ್ಟಾ ಜಾಸ್ತಿ ಇರುವ ಕಡೆ ಮಾರ್ಚ್‌ವರೆಗೂ, ಸೈಟ್‌ಗೆ ಆಳು ಸಿಗುವುದೇ ಕಷ್ಟ. ಅಸ್ಸಾಂ ಕಡೆಯಿಂದ ಬಂದವರೂ ತೋಟಕ್ಕೇ ಹೋಗುತ್ತಾರೆ, ಅಲ್ಲಿ ಕೊಯ್ದಷ್ಟು ಕೆ.ಜಿ.ಗೆ ದುಡ್ಡು, ಇಲ್ಲಿ ದಿನಗೂಲಿ. ಅವರನ್ನು ದೂರಿ ಏನು ಪ್ರಯೋಜನ? ಇಷ್ಟರಲ್ಲಿ ಮಾರ್ಚ್ 31ರೊಳಗೆ ಬಿಲ್ ಆಗಬೇಕು ಅಂತ ಮೇಲಿನಿಂದ ಒತ್ತಡ ಶುರುವಾಗುತ್ತದೆ. ಆಗ ಜೆಸಿಬಿ ಬರುತ್ತದೆ, ಗುಡ್ಡವನ್ನು ನೆಟ್ಟಗೆ ಕಡಿಯುತ್ತದೆ, ಯಾಕೆಂದರೆ ಮಣ್ಣು ಕಡಿದರೆ ಅಷ್ಟು ಕ್ಯೂಬಿಕ್ ಮೀಟರ್ ಅಂತ ಅಳತೆ ಪುಸ್ತಕದಲ್ಲಿ ಬರೆದು ಬಿಲ್ ಮಾಡಲು ಅದಕ್ಕಿಂತ ಸುಲಭದ ಐಟಂ ಇನ್ನೊಂದಿಲ್ಲ. ಕಡಿದ ಜಾಗಕ್ಕೆ ಗೋಡೆ ಕಟ್ಟುವುದು ನಿಧಾನದ ಕೆಲಸ. ಗೋಡೆ ಅರ್ಧ ಆಗಿರುವಾಗ ಜೂನ್ ಬಂದುಬಿಡುತ್ತದೆ.

ಅಂಥ ಒಂದು ತಡೆಗೋಡೆಯನ್ನು ಹತ್ತಿರದಿಂದ ನೋಡಿದ್ದೇನೆ, ಎಲ್ಲಿ ಅಂತ ಬೇಡ. ಕಾಂಕ್ರೀಟ್ ಚೆನ್ನಾಗಿತ್ತು, ಅದರ ಬಲ ನೋಡುವ 28 ದಿನದ ಕ್ಯೂಬ್ ಟೆಸ್ಟ್ ಪಾಸ್ ಆಗಿತ್ತು. ನೀರು ಹೊರಗೆ ಬರಲು ಬಿಟ್ಟ ಪಿವಿಸಿ ಪೈಪ್‌ಗಳು ಸಾಲಾಗಿ ಕಾಣುತ್ತಿದ್ದವು. ಆದರೆ ಆಷಾಢದ ಜಡಿಮಳೆಯಲ್ಲೂ ಒಂದೇ ಒಂದು ಪೈಪ್‌ನಿಂದ ಹನಿ ನೀರು ಬರುತ್ತಿರಲಿಲ್ಲ. ಗೋಡೆ ಹಿಂದೆ ತುಂಬಬೇಕಾದ ಜಲ್ಲಿ ಬರುವ ಮೊದಲೇ ಮಳೆ ಹಿಡಿದಿತ್ತು, ಹಾಗಾಗಿ ಕಡಿದ ಕೆಂಪು ಜೇಡಿಮಣ್ಣನ್ನೇ ತಳ್ಳಿ ಮುಚ್ಚಿದ್ದರು. ದಾರಿ ಸಿಗದ ನೀರು ಹಿಂದೆಯೇ ನಿಂತು ಗೋಡೆಯನ್ನು ನೂಕಿ, ಮೇಲ್ಭಾಗ ರಸ್ತೆ ಕಡೆ ವಾಲಿತ್ತು. ಡ್ರಾಯಿಂಗ್‌ನಲ್ಲಿ ಜಲ್ಲಿ ಇತ್ತು. ಎಸ್ಟಿಮೇಟ್‌ನಲ್ಲೂ ಇತ್ತು. ಅದು ಯಾವ ದಿನದೊಳಗೆ ಸೈಟ್‌ಗೆ ಬಂದು ಬೀಳಬೇಕು ಅಂತ ಮಾತ್ರ ಯಾರೂ ಎಲ್ಲೂ ಬರೆದಿರಲಿಲ್ಲ. (2022ರ ಮಳೆಗೆ ಮಡಿಕೇರಿ ಜಿಲ್ಲಾಧಿಕಾರಿ ಕಚೇರಿ ಬಳಿಯ ಗೋಡೆ ಉಬ್ಬಿ ಮಂಗಳೂರು ರಸ್ತೆ ಬಂದ್ ಮಾಡಿದ್ದು ಎಲ್ಲರಿಗೂ ನೆನಪಿದೆ. ನಾನು ಹೇಳುತ್ತಿರುವುದು ಆ ಗೋಡೆಯ ಕಥೆ ಅಲ್ಲ.)

ಈ 'ಯಾವ ದಿನದೊಳಗೆ' ಅನ್ನುವುದನ್ನು ಲೆಕ್ಕ ಹಾಕಲು ಕಲಿಸುವುದೇ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್. ಮೊದಲ ಸೆಮಿಸ್ಟರ್‌ನಲ್ಲೇ ಸಿಪಿಎಂ, ಪರ್ಟ್ ಅನ್ನುವ ವೇಳಾಪಟ್ಟಿ ಲೆಕ್ಕದ ವಿಧಾನಗಳು ಬರುತ್ತವೆ. ಮೊದಲನೆಯದು 1957ರ ಸುಮಾರಿಗೆ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ರಾಸಾಯನಿಕ ಕಾರ್ಖಾನೆಗಳ ಕೆಲಸಕ್ಕೆ ಹುಟ್ಟಿದ್ದು, ಇನ್ನೊಂದು 1958ರಲ್ಲಿ ಅಲ್ಲಿನ ನೌಕಾಪಡೆಯ ಪೊಲಾರಿಸ್ ಕ್ಷಿಪಣಿಗೆ. ಯಾವ ಕೆಲಸ ಎಷ್ಟು ದಿನ ತಡವಾದರೂ ಒಟ್ಟು ಕೆಲಸ ತಡವಾಗುವುದಿಲ್ಲವೋ ಅಷ್ಟು ದಿನಕ್ಕೆ ಫ್ಲೋಟ್ ಅನ್ನುತ್ತಾರೆ. ಫ್ಲೋಟ್ ಸೊನ್ನೆ ಇರುವ ಕೆಲಸಗಳ ಮೇಲೆ ಕಣ್ಣಿಡಬೇಕು, ಅಷ್ಟೇ. ಪುಸ್ತಕದ ಲೆಕ್ಕಗಳಲ್ಲಿ ಭಾನುವಾರ ಒಂದೇ ರಜೆ. ನಮ್ಮ ಜಿಲ್ಲೆಯ ಹುಡುಗರು ಕೆಲಸದ ವೇಳಾಪಟ್ಟಿ ಹಾಕುವ ಪ್ರೈಮವೇರಾ ಸಾಫ್ಟ್‌ವೇರ್ ತೆರೆದು, ಅದರ ಕ್ಯಾಲೆಂಡರ್‌ನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಣ್ಣಿನ ಕೆಲಸಕ್ಕೆ ರಜೆ ಹಾಕಿ, ಕೊಯ್ಲಿನ ತಿಂಗಳುಗಳಲ್ಲಿ ಆಳುಗಳನ್ನು ಅರ್ಧಕ್ಕೆ ಇಳಿಸಿ, ಒಮ್ಮೆ ಲೆಕ್ಕ ಹಾಕಿ ನೋಡಲಿ. ಬೆಂಗಳೂರಿನಲ್ಲಿ ಆರಾಮಾಗಿ ಮುಗಿಯುವ ಕೆಲಸಕ್ಕೆ ಇಲ್ಲಿ ಫ್ಲೋಟೇ ಉಳಿಯುವುದಿಲ್ಲ. ಆಗ ಗೊತ್ತಾಗುತ್ತದೆ, ಮೇ ಕೊನೆಯೊಳಗೆ ಗೋಡೆ ಕಟ್ಟಿ ಮುಚ್ಚಲು ಆಗುವಷ್ಟೇ ಗುಡ್ಡ ಕಡಿಯಬೇಕು, ಒಂದು ಮೀಟರ್ ಜಾಸ್ತಿ ಬೇಡ ಅಂತ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು, ಜೋಡುಪಾಲ ಕಡೆ ಗುಡ್ಡ ಜಾರಿದ ಮೇಲೆ ಪುನರ್ವಸತಿ ಮನೆಗಳನ್ನು ಕಟ್ಟಿದರಲ್ಲ, ಜಂಬೂರು, ಕರ್ಣಂಗೇರಿ, ಮದೆನಾಡು, ಅಲ್ಲೂ ಇದೇ ಕಥೆ. ದುಡ್ಡು ಇದ್ದರೂ ದಿನ ಇರಲಿಲ್ಲ. 2020ರಲ್ಲಿ ಒಂದಷ್ಟು ಮನೆ ಕೈಗೆ ಸಿಗುವ ಮೊದಲು ಜನ ಇನ್ನೊಂದು ಇಡೀ ಮಳೆಗಾಲವನ್ನು ಬೇರೆ ಕಡೆ ಕಳೆದರು.

ಈಗ ಆ ಓದುಗರ ಮಾತಿನಲ್ಲಿ ನಾನು ಒಪ್ಪುವ ಅರ್ಧಕ್ಕೆ ಬರುತ್ತೇನೆ. ಬಿಇ ಮುಗಿದ ಜುಲೈನಲ್ಲೇ ನೇರ ಎಂಟೆಕ್‌ಗೆ ಹೋಗಿ ಕೂತವರಿಗೆ ಈ ವಿಷಯ ರುಚಿಸುವುದಿಲ್ಲ. ಕಾಂಟ್ರಾಕ್ಟ್ ಪಾಠದಲ್ಲಿ ಎಕ್ಸ್‌ಟ್ರಾ ಐಟಂ, ಕಾಲಾವಧಿ ವಿಸ್ತರಣೆ ಅಂತ ಬಂದಾಗ, ಗುತ್ತಿಗೆದಾರನ ಜೊತೆ ಅದಕ್ಕಾಗಿ ಜಗಳ ಆಡಿದವನಿಗೆ ಕಿವಿ ನಿಮಿರುತ್ತದೆ, ಆಡದವನಿಗೆ ನಿದ್ದೆ ಬರುತ್ತದೆ. ಅದಕ್ಕೆ ನನ್ನ ಸಲಹೆ ಇದು: ಬಿಇ ಕೊನೆ ವರ್ಷದಲ್ಲೇ ಎಂಟೆಕ್ ಪ್ರವೇಶಕ್ಕೆ ಬೇಕಾದ ಗೇಟ್ ಪರೀಕ್ಷೆ ಬರೆದುಬಿಡಿ. ಅದರ ಸ್ಕೋರ್ 3 ವರ್ಷ ನಡೆಯುತ್ತದೆ. ಅಷ್ಟರಲ್ಲಿ ಸೈಟ್ ಕೆಲಸಕ್ಕೆ ಸೇರಿ, ಸಂಬಳ ಕಡಿಮೆಯಾದರೂ ಚಿಂತೆ ಇಲ್ಲ, ಕನಿಷ್ಠ ಒಂದು ಮಳೆಗಾಲ ನೋಡಿ, ಆಮೇಲೆ ಓದಲು ಹೋಗಿ. ಗೇಟ್‌ನಲ್ಲಿ ಪಾಸಾಗಿ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಮಾನ್ಯತೆಯ ಕಾಲೇಜಿಗೆ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಇದೆ, ಎಷ್ಟೋ ಅಪ್ಪ ಅಮ್ಮಂದಿರಿಗೆ ಇದು ಗೊತ್ತೇ ಇಲ್ಲ. ಸಂಪಾಜೆ ಘಾಟಿ ಇಳಿದು ಹೋದರೆ ಸುರತ್ಕಲ್‌ನ ಎನ್‌ಐಟಿಕೆಯಲ್ಲೇ ಈ ಕೋರ್ಸ್ ಇದೆ. ರಾಜ್ಯದ ಕಾಲೇಜುಗಳಿಗೆ ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ನಡೆಸುವ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಇದೆ. ಪುಣೆಯ ನಿಕ್ಮಾರ್ ಈ ಕ್ಷೇತ್ರದಲ್ಲಿ ಹೆಸರು ಮಾಡಿದ ಸಂಸ್ಥೆ, ಆದರೆ ಫೀಸು ಜೋರು, ತೋಟದ ಮೇಲೆ ಸಾಲ ಮಾಡುವ ಮೊದಲು ಎರಡು ಸಲ ಯೋಚಿಸಿ.

ಹೆಣ್ಣುಮಕ್ಕಳ ಮನೆಯವರು ಸೈಟ್ ಅಂದರೆ ಬೇಡವೇ ಬೇಡ ಅನ್ನುತ್ತಾರೆ. ಅವರ ಮಾತಿನಲ್ಲೂ ಹುರುಳಿದೆ. ಕಾರ್ಮಿಕರಿಗೆ ಶೌಚಾಲಯ ಕೊಡಲೇಬೇಕು ಅಂತ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ಹೇಳಿತ್ತು, ನಮ್ಮ ಎಷ್ಟು ಸೈಟ್‌ಗಳಲ್ಲಿ ಅದು ಇದೆ ಹೇಳಿ? ಪ್ಲಾನಿಂಗ್, ಬಿಲ್ಲಿಂಗ್, ಗುಣಮಟ್ಟ ಪರೀಕ್ಷೆ ವಿಭಾಗಗಳಲ್ಲಿ ಓದಿದ ಹೆಣ್ಣುಮಕ್ಕಳು ಚೆನ್ನಾಗಿಯೇ ಕೆಲಸ ಮಾಡುತ್ತಿದ್ದಾರೆ ಅನ್ನುವುದನ್ನೂ ಆ ಮನೆಯವರು ತಿಳಿಯಬೇಕು.

ಇನ್ನು ಕಾಲೇಜುಗಳಿಗೆ ಒಂದು ಮಾತು. ಎಂಟೆಕ್‌ನ ಎರಡನೇ ವರ್ಷದ ಬಹುಪಾಲು ಪ್ರಾಜೆಕ್ಟ್‌ಗೇ ಹೋಗುತ್ತದೆ. ಅದರಲ್ಲಿ ಹೆಚ್ಚಿನವರು ಮಾಡುವುದೇನು? ನೂರು ಜನರಿಗೆ ಪ್ರಶ್ನಾವಳಿ ಕಳಿಸಿ 'ವಿಳಂಬಕ್ಕೆ ಕಾರಣಗಳು' ಅಂತ ಪಟ್ಟಿ ಮಾಡುವುದು. ಅದರ ಬದಲು ಕೊಡಗಿನ ಹುಡುಗರು ಎಲ್ಲೇ ಓದುತ್ತಿದ್ದರೂ ಊರಿನ ಒಂದು ಕಾಮಗಾರಿ ಹಿಡಿಯಲಿ. ಭಾಗಮಂಡಲದ ಮೇಲ್ಸೇತುವೆ ವರ್ಷಗಟ್ಟಲೆ ಎಳೆಯಿತಲ್ಲ, ಯಾವ ತಿಂಗಳು ಯಾವ ಕೆಲಸ ಯಾಕೆ ನಿಂತಿತು ಅಂತ ಅದೊಂದನ್ನೇ ಕೂತು ಬಿಡಿಸಿದರೂ ಸಾಕು. ಕುಶಾಲನಗರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, ಪೊನ್ನಂಪೇಟೆಯ ಸಿಐಟಿ ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದವರು ಇಂಥವರಿಗೆ ಸ್ಥಳೀಯ ಮಾರ್ಗದರ್ಶಕರಾಗಿ ನಿಲ್ಲಬಹುದು. ಅವರಿಗೂ ಇದರಿಂದ ಲಾಭವೇ.

ಆದರೆ ಇದಕ್ಕೆ ಫೈಲ್ ಬೇಕು. ಲೋಕೋಪಯೋಗಿ ಇಲಾಖೆ, ಪಂಚಾಯತ್‌ ರಾಜ್ ಇಂಜಿನಿಯರಿಂಗ್ ವಿಭಾಗದವರು ಮುಗಿದ ಕಾಮಗಾರಿಗಳ ವರ್ಕ್ ಆರ್ಡರ್, ಅಳತೆ ಪುಸ್ತಕ, ಬಿಲ್‌ಗಳನ್ನು ವಿದ್ಯಾರ್ಥಿಗಳಿಗೆ ಓದಲು ಕೊಡಲಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕಾಯುವ ಹೊತ್ತಿಗೆ ಆ ಹುಡುಗನ ಸೆಮಿಸ್ಟರೇ ಮುಗಿದಿರುತ್ತದೆ. ಜಿಲ್ಲಾಧಿಕಾರಿಯವರು ಮನಸ್ಸು ಮಾಡಿದರೆ ಒಂದು ಸುತ್ತೋಲೆಯಲ್ಲಿ ಆಗುವ ಕೆಲಸ ಇದು, ಅದೂ ಈ ಸಲದ ಪ್ರಾಜೆಕ್ಟ್ ಶುರುವಾಗುವ ಮೊದಲೇ ಆದರೆ ಒಳ್ಳೆಯದು.

ಇತಿ,
ಸೋಮವಾರಪೇಟೆಯ ಓದುಗ