ಹೆಳವರ ಪುಸ್ತಕ ಉಳಿಸಿ

ಮಾನ್ಯ ಸಂಪಾದಕರೇ,

ಸುಗ್ಗಿ ಮುಗಿದ ಮೇಲೆ ನಮ್ಮ ಮನೆಗೆ ಹೆಳವರು, ಅಂದರೆ ಮನೆತನಗಳ ವಂಶಾವಳಿ ಬರೆದಿಟ್ಟು ಊರೂರು ತಿರುಗಿ ಓದಿ ಹೇಳುವವರು, ಬಂದಿದ್ದರು. ಕಟ್ಟೆ ಮೇಲೆ ಕುಳಿತು, ಬಟ್ಟೆ ಗಂಟು ಬಿಚ್ಚಿ, ಹಳೇ ಪುಸ್ತಕ ತೆಗೆದು ನಮ್ಮ ವಂಶಾವಳಿ ಓದಿದರು. ಮುತ್ತಜ್ಜ ಹುಡುಗನಿದ್ದಾಗ 1876ರ ದೊಡ್ಡ ಬರಕ್ಕೆ ಅಪ್ಪನ ಜೊತೆ ಮೂಲ ಊರು ಬಿಟ್ಟಿದ್ದು, ಎರಡು ಎತ್ತು ಹೊಡ್ಕೊಂಡು ಇಲ್ಲಿಗೆ ಬಂದಿದ್ದು ಎಲ್ಲಾ ಅದರಲ್ಲಿತ್ತು. ಅಪ್ಪನ ಕಣ್ಣು ತುಂಬಿ ಬಂತು. ನಾನು ಹುಡುಕಿಸಿದ ಕೈಬರಹದ ಪಹಣಿಯಲ್ಲಿ ಸಿಕ್ಕಿದ್ದು ಬರೀ ಹೆಸರು, ಸರ್ವೆ ನಂಬರು ಅಷ್ಟೇ.

ಆ ಪುಸ್ತಕದ ಅಂಚು ಮುಟ್ಟಿದರೆ ಪುಡಿಯಾಗುತ್ತಿದೆ. ಕೆಲವು ಪುಟ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿವೆ, ಆ ಹೆಳವರ ಮಗನಿಗೆ ಅದನ್ನು ಓದಲು ಬರುವುದಿಲ್ಲ. ಪತ್ರಾಗಾರ ಇಲಾಖೆಯವರು ಹೆಳವರ ಒಪ್ಪಿಗೆ ಪಡೆದು, ತಕ್ಕ ಗೌರವಧನ ಕೊಟ್ಟು ಇಂಥ ಪುಸ್ತಕಗಳನ್ನೆಲ್ಲ ಸ್ಕ್ಯಾನ್ ಮಾಡಿಸಬೇಕು. ಮೂಲ ಪುಸ್ತಕ ಮಾತ್ರ ಅವರ ಹತ್ತಿರವೇ ಇರಲಿ.

— ಒಬ್ಬ ಓದುಗ, ಧಾರವಾಡ ಜಿಲ್ಲೆ